ಹ್ಯಾಂಡಲಿಗೆ ಕಟ್ಟಿದ ಅರಿವೆ

ನಮ್ಮ ಅಣ್ಣ ಲಾರಿಯ ಹ್ಯಾಂಡಲಿಗೆ ಅರಿವೆ ಕಟ್ಟಿದ್ದ. ಅದನ್ನು ಬಿಚ್ಚಿದವಳು ನಾನು. ಡ್ರೈವರುಗಳೆಲ್ಲ ಸೇರಿ ಅವನನ್ನು ನಡುವೆ ನಿಲ್ಲಿಸಿಕೊಂಡು ಕಟ್ಟಿದ್ದೆಯೋ ಇಲ್ಲವೋ ಎಂದು ಕೇಳಿದ ದಿನ, ಕಟ್ಟಿದ್ದ ಎಂದು ಹೇಳಬೇಕಾದವಳೂ ನಾನೇ. ಹೇಳಲಿಲ್ಲ. ಹೆದರಿಕೆಗೆ ಬಾಯಿ ಬರಲಿಲ್ಲ ಎಂದರೆ ಅದೂ ಸುಳ್ಳಾದೀತು. ಬಾಯಿ ಬಂತು, ಆಡಿದ್ದು ಸುಳ್ಳು. ಅಣ್ಣನ ಕೈಯಿಂದ ಸ್ಟೇರಿಂಗ್ ಹೋಯಿತು. ಯಾದಗಿರಿಯಿಂದ ಸುರಪುರದವರೆಗೆ ಅವನಿಗಿದ್ದ ಹೆಸರು ಹೋಯಿತು. ನನ್ನದು ಏನೂ ಹೋಗಲಿಲ್ಲ. ಇರಲು ಖೋಲಿ ಉಳಿಯಿತು, ಗಂಡನ ಕೆಲಸ ಉಳಿಯಿತು, ದಿನಾ ಎರಡು ಹೊತ್ತು ಬಿಸಿ ರೊಟ್ಟಿ ತಿಂದೆ.

ಕಳೆದ ವರ್ಷ ನಮ್ಮ ಹಳೆಯ ಲಾರಿ ಅಡ್ಡೆಯ ಜಾಗದಲ್ಲಿ ಲಾರಿಗಳ ಮಾಲೀಕ ಸಾಹುಕಾರನ ಮಕ್ಕಳು ಅಂಗಡಿ ಸಾಲು ಕಟ್ಟಿಸಿದರು. ಪೂಜೆಯ ದಿನ ಬಂದವರಿಗೆಲ್ಲ ಪೇಢೆಯ ಜೊತೆ ಒಂದು ಸಣ್ಣ ಪುಸ್ತಕ ಹಂಚಿದರು. ಮೊದಲ ಪುಟದಲ್ಲಿ ಬಿಳಿ ಟೊಪ್ಪಿಗೆಯ ಸಾಹುಕಾರನ ಫೋಟೊ. ಅವನು ಬದುಕಿದ್ದಾಗ ನಾನೂ ಸಾಹುಕಾರರು ಎಂದೇ ಕರೆದೆ, ಇನ್ನು ಆ ಮರ್ಯಾದೆ ಕೊಡಲಾರೆ. ನಾನು ಓದಿದ್ದು ಮೂರು ಜಮಾತು, ಅದೂ ಉರ್ದುವಿನಲ್ಲಿ. ಕನ್ನಡ ಅಕ್ಷರ ಮದುವೆಯಾದ ಮೇಲೆ ಕಲಿತದ್ದು, ಬೆರಳಿಟ್ಟು ಓದುತ್ತೇನೆ. ಬೆರಳಿಟ್ಟು ಓದುತ್ತ ಹೋದೆ. ಡ್ರೈವರುಗಳನ್ನು ಅವನು ಹೊಟ್ಟೆಯ ಮಕ್ಕಳ ಹಾಗೆ ನೋಡಿಕೊಂಡನಂತೆ. ಅಷ್ಟು ವರ್ಷಗಳಲ್ಲಿ ಜೀವ ಹೋದದ್ದು ಒಂದೇ ಸಲವಂತೆ. ಅದೂ ಡ್ರೈವರನೊಬ್ಬನ ಮರೆವಿನಿಂದ ಆದದ್ದಂತೆ. ಯಾರ ಮರೆವು ಎಂದು ಬರೆದಿರಲಿಲ್ಲ. ಬರೆಯುವುದು ಬೇಕೂ ಇರಲಿಲ್ಲ. ಯಾದಗಿರಿಯ ಹಳೆಯ ಮಂದಿಗೆಲ್ಲ ಅದು ಯಾರೆಂದು ಗೊತ್ತಿದೆ, ಮತ್ತು ಅವರಿಗೆ ಗೊತ್ತಿರುವುದು ತಪ್ಪು. ಪುಸ್ತಕ ಹರಿದು ಒಲೆಗೆ ಹಾಕಿದೆ. ಹಾಕಿದ ಮೇಲೆ ನನ್ನ ಮೇಲೆಯೇ ಇನ್ನಷ್ಟು ಸಿಟ್ಟು ಬಂತು. ಅದರಲ್ಲಿದ್ದ ಸುಳ್ಳನ್ನು ಅವರಿಗೆ ಕೊಟ್ಟವಳು ನಾನೇ ಅಲ್ಲವೇ?

ಈಗ ಯಾರನ್ನು ಕೇಳಿದರೂ ಆ ಕಾಲದ ಲಾರಿ ಕಂಪನಿಗಳನ್ನು ಹೊಗಳುತ್ತಾರೆ. ಹೊಗಳಲಿ. ನಮ್ಮ ಕಂಪನಿಯಲ್ಲಿ ಐದು ಲಾರಿ ಇದ್ದವು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಗಾಡಿಗಳು, ಮುಂದೆ ಹ್ಯಾಂಡಲು ಹಾಕಿ ತಿರುವಿದರೆ ಮಾತ್ರ ಚಾಲೂ ಆಗುವಂಥವು. ಶಹಾಪುರ, ಸುರಪುರ, ಕೆಂಭಾವಿಯ ಹತ್ತಿ, ಶೇಂಗಾ ಯಾದಗಿರಿ ಸ್ಟೇಷನ್ನಿಗೆ ಬರುತ್ತಿತ್ತು. ತಿರುಗಿ ಹೋಗುವಾಗ ಉಪ್ಪು, ಸೀಮೆಎಣ್ಣೆ, ಬಟ್ಟೆಯ ಗಂಟು. ಡ್ರೈವರುಗಳು ಬರೀ ಮಾಲು ಒಯ್ಯುತ್ತಿರಲಿಲ್ಲ. ಬಾಣಂತಿಗೆ ಔಷಧ ಒಯ್ಯುತ್ತಿದ್ದರು, ಸತ್ತ ಸುದ್ದಿ ಒಯ್ಯುತ್ತಿದ್ದರು, ಮುನಿಸಿಕೊಂಡು ತವರಿಗೆ ಹೋದ ಸೊಸೆಯರನ್ನು ಮೂಟೆಗಳ ನಡುವೆ ಕೂಡಿಸಿಕೊಂಡು ತಿರುಗಿ ಗಂಡನ ಮನೆಗೆ ತಂದು ಇಳಿಸುತ್ತಿದ್ದರು. ಇದೆಲ್ಲ ನಿಜ. ಆದರೆ ಇದನ್ನು ಮಾಡಿದವರು ಡ್ರೈವರುಗಳು. ಫೋಟೊ ಮಾತ್ರ ಸಾಹುಕಾರನದು.

ನನ್ನ ಗಂಡ ಆ ಕಂಪನಿಯ ಮಿಸ್ತ್ರಿ. ಐದೂ ಗಾಡಿಗಳ ರಿಪೇರಿ ಅವರದೇ. ಸ್ಟೇಷನ್ನಿನ ಹಿಂದಿದ್ದ ಅಡ್ಡೆಯ ಮೂಲೆಯಲ್ಲಿ ನಮಗೊಂದು ಖೋಲಿ ಕೊಟ್ಟಿದ್ದರು. ಅಡ್ಡೆಯಲ್ಲಿದ್ದ ಡ್ರೈವರುಗಳಿಗೆ ನಾನೇ ರೊಟ್ಟಿ ಬಡಿಯುತ್ತಿದ್ದೆ. ನಮ್ಮ ಅಣ್ಣನೂ ಅಲ್ಲಿಯೇ ಡ್ರೈವರ್. ನಮ್ಮದು ತಿಂಥಣಿ. ಅಪ್ಪ ಕೃಷ್ಣೆಯಲ್ಲಿ ಹರಿಗೋಲು ಹಾಕುತ್ತಿದ್ದ. ನೀರು ಬಿಟ್ಟು ಸ್ಟೇರಿಂಗ್ ಹಿಡಿದವರಲ್ಲಿ ನಮ್ಮ ಮನೆತನಕ್ಕೆ ಅಣ್ಣನೇ ಮೊದಲಿಗ. ಊರಿಗೆ ಹೋದರೆ ಜನ ಅವನ ಅಂಗೈ ಹಿಡಿದು ನೋಡುತ್ತಿದ್ದರು.

ಅಡ್ಡೆಯಲ್ಲಿ ಒಂದು ಪದ್ಧತಿ ಇತ್ತು. ಗಾಡಿಯಲ್ಲಿ ದೋಷ ಕಂಡರೆ, ಅದನ್ನು ತಂದ ಡ್ರೈವರ್ ಹ್ಯಾಂಡಲಿಗೆ ಒಂದು ಅರಿವೆ ಕಟ್ಟಬೇಕು. ಅದಕ್ಕೆ ಕಟ್ಟು ಎನ್ನುತ್ತಿದ್ದರು. ಕಟ್ಟು ಇರುವ ಗಾಡಿಯನ್ನು ಯಾರೂ ಮುಟ್ಟುವ ಹಾಗಿಲ್ಲ. ಮಿಸ್ತ್ರಿ ದೋಷ ತೆಗೆದು, ತಾನೇ ಕಟ್ಟು ಬಿಚ್ಚಿದ ಮೇಲೆಯೇ ಗಾಡಿ ಹೊರಗೆ ಹೋಗಬೇಕು. ಸಾಹುಕಾರ ಬಿಚ್ಚಿದರೂ ನಡೆಯುತ್ತಿರಲಿಲ್ಲ, ಬಿಚ್ಚಿದ್ದು ಅವನು ಎಂದು ಗೊತ್ತಾದರೆ ಡ್ರೈವರುಗಳು ಗಾಡಿ ಹತ್ತುತ್ತಿರಲಿಲ್ಲ. ಓದು ಬರಹ ಬಾರದವರು ಮಾಡಿಕೊಂಡ ಕಾಯಿದೆ ಅದು. ಡ್ರೈವರುಗಳಲ್ಲಿ ಇಬ್ಬರಿಗೆ ಉರ್ದು ಬರುತ್ತಿತ್ತು, ಉಳಿದವರಿಗೆ ಹೆಬ್ಬೆಟ್ಟು. ಅರಿವೆ ಎಲ್ಲರಿಗೂ ಓದಲು ಬರುತ್ತಿತ್ತು. ಗಾಡಿ ಕೆಟ್ಟಿದ್ದು ತಿಳಿದೂ ಕಟ್ಟು ಕಟ್ಟದೆ ಹೋದವನನ್ನು ಕೊಲೆಗಾರನಿಗಿಂತ ಕಡೆಯಾಗಿ ಕಾಣುತ್ತಿದ್ದರು.

ಇಲ್ಲಿ ನನ್ನದೊಂದು ಪಾಲು ಇತ್ತು. ಗಂಡ ಗಾಡಿಯ ಕೆಳಗೆ ಮಲಗಿ ಕೈಯೆಲ್ಲ ಗ್ರೀಸು ಮಾಡಿಕೊಂಡಿರುತ್ತಿದ್ದರು. ಕೆಲಸ ಮುಗಿದಾಗ ಕೆಳಗಿನಿಂದಲೇ ನನಗೆ ಬಿಚ್ಚು ಎಂದು ಕೂಗುತ್ತಿದ್ದರು. ನಾನು ರೊಟ್ಟಿ ಹಿಟ್ಟಿನ ಕೈ ಒರೆಸಿಕೊಂಡು ಹೋಗಿ ಕಟ್ಟು ಬಿಚ್ಚಿ, ಅರಿವೆ ಒಗೆದು ಗೂಟಕ್ಕೆ ಹಾಕುತ್ತಿದ್ದೆ. ಹೀಗೆ ಎರಡು ಮೂರು ವರ್ಷ ನಡೆಯಿತು. ಡ್ರೈವರುಗಳು ನನ್ನ ಕೈಯನ್ನೂ ಮಿಸ್ತ್ರಿಯ ಕೈ ಎಂದೇ ನಂಬಿದರು. ಆ ನಂಬಿಕೆಯನ್ನು ಮುಂದೆ ನಾನೇ ಕೊಂದೆ.

ಅಣ್ಣನಿಗೆ ಗಾಡಿ ಕಲಿಸಿದವನು ಶಹಾಪುರದ ಒಬ್ಬ ಮುದುಕ ಡ್ರೈವರ್. ಎಲ್ಲರೂ ಅವನನ್ನು ಚಾಚಾ ಎನ್ನುತ್ತಿದ್ದರು, ನನಗೂ ಅವನು ಚಾಚಾನೇ. ಊಟಕ್ಕೆ ಕೂತರೆ ಅವನ ಬಾಯಿಗೆ ಬಿಡುವಿರಲಿಲ್ಲ. ನನ್ನ ರೊಟ್ಟಿ ಎತ್ತಿ ಬೆಳಕಿಗೆ ಹಿಡಿದು, “ಮಿಸ್ತ್ರಿ, ಟೈರಿಗೆ ಪ್ಯಾಚು ಹುಡುಕಬ್ಯಾಡ. ಬೇಟಿ ನಾಕು ಬಡದು ಇಟ್ಟಾಳ” ಎನ್ನುತ್ತಿದ್ದ. ಹಾಗೆಂದು ಐದನೆಯ ರೊಟ್ಟಿ ಕೇಳುತ್ತಿದ್ದವನೂ ಅವನೇ. ಅಣ್ಣ ಗೇರು ತಪ್ಪಿಸಿದರೆ, ಹರಿಗೋಲಿನ ಹುಟ್ಟು ಹಾಕಿದ ಹಾಗೆ ಹಾಕಬೇಡ ಎಂದು ಬೈಯುತ್ತಿದ್ದ. ಹೊಡೆದು ಕಲಿಸುವ ಕಾಲದಲ್ಲಿ ಅಣ್ಣನ ಮೇಲೆ ಒಂದು ದಿನವೂ ಕೈ ಎತ್ತಲಿಲ್ಲ.

ಅದು ನಮ್ಮ ಸೀಮೆ ಕೈ ಬದಲಾಯಿಸುತ್ತಿದ್ದ ಕಾಲ. ನಿಜಾಮನ ರಾಜ್ಯ ಹೋಗಿ ಕೆಲವು ವರ್ಷವಾಗಿತ್ತು. ಈಗ ಹೈದರಾಬಾದನ್ನು ಬಿಟ್ಟು ಮೈಸೂರಿಗೆ ಸೇರುತ್ತೇವೆ, ಕನ್ನಡದವರೆಲ್ಲ ಒಂದಾಗುತ್ತೇವೆ ಎಂದು ಊರಲ್ಲಿ ಮಾತು. ನಮ್ಮ ಸಾಹುಕಾರ ಎಲ್ಲರಿಗಿಂತ ಮೊದಲೇ ತಯಾರಾದ. ಹಿಂದೆ ಕೆಂಪು ರೂಮಿ ಟೊಪ್ಪಿಗೆ ಹಾಕಿಕೊಂಡು ನಿಜಾಮನ ತಹಶೀಲದಾರನಿಗೆ ಮಾವಿನ ಬುಟ್ಟಿ ಕಳಿಸುತ್ತಿದ್ದವನೂ ಅವನೇ, ಪೊಲೀಸ್ ಕಾರ್ಯಾಚರಣೆ ಆದ ವಾರದೊಳಗೆ ಬಿಳಿ ಟೊಪ್ಪಿಗೆ ಹೊಲಿಸಿಕೊಂಡವನೂ ಅವನೇ. ಗಾಡಿಗಳ ಮೇಲಿನ ಉರ್ದು ಅಕ್ಷರ ಅಳಿಸಿ ಕನ್ನಡದಲ್ಲಿ ಬರೆಸಿದ. ಉರ್ದು ಬಲ್ಲ ಹಳೆಯ ಗುಮಾಸ್ತನನ್ನು ಬಿಡಿಸಿದ. ಇನ್ನು ಮುಂದೆ ಗಾಡಿಯ ದೋಷ ಪುಸ್ತಕದಲ್ಲಿ ಬರೆಸಬೇಕು, ಚಿಂದಿ ಕಟ್ಟುವ ಆಟ ಹೊಸ ಸರ್ಕಾರದಲ್ಲಿ ನಡೆಯುವುದಿಲ್ಲ ಎಂದು ಹೇಳಿದ. ಡ್ರೈವರುಗಳು ಕೇಳಿಸಿಕೊಂಡರು, ಅರಿವೆ ಕಟ್ಟುವುದನ್ನು ಬಿಡಲಿಲ್ಲ. ಚಾಚಾ ಮಾತ್ರ ನಕ್ಕು, ಬ್ರೇಕಿಗೆ ಯಾವ ರಾಜ್ಯ ಬಂದರೂ ಗೊತ್ತಾಗುವುದಿಲ್ಲ ಎಂದ. ಸರ್ಕಾರ ಬಸ್ಸುಗಳನ್ನು ತೆಗೆದುಕೊಂಡ ಹಾಗೆ ಲಾರಿಗಳನ್ನೂ ಎಲ್ಲಿ ತೆಗೆದುಕೊಳ್ಳುತ್ತದೋ ಎಂದು ಸಾಹುಕಾರನಿಗೆ ಹೆದರಿಕೆ. ಅದಕ್ಕೇ ಅಧಿಕಾರಿಗಳು ಬಾಯಿ ತೆರೆಯುವ ಮೊದಲೇ ಅವರ ಕೆಲಸ ಮಾಡಿಕೊಡುತ್ತಿದ್ದ.

ಹೊಸ ರಾಜ್ಯಕ್ಕೆ ಸೇರುವ ದಿನ ಸುರಪುರದಲ್ಲಿ ಸಮಾರಂಭ ಇಟ್ಟುಕೊಂಡಿದ್ದರು. ಪೆಂಡಾಲಿನ ಗಳ, ತಾಡಪತ್ರಿ, ಶಾಲೆಯ ಬೆಂಚು, ಜಮಖಾನೆ ಎಲ್ಲವನ್ನೂ ಯಾದಗಿರಿಯಿಂದ ಹಿಂದಿನ ದಿನವೇ ಮುಟ್ಟಿಸುತ್ತೇನೆ ಎಂದು ಸಾಹುಕಾರ ಮಾತು ಕೊಟ್ಟಿದ್ದ.

ಆ ಹಿಂದಿನ ದಿನ ಬೆಳಗ್ಗೆ ಅಣ್ಣ ಶಹಾಪುರದಿಂದ ಹತ್ತಿ ತಂದು, ಸ್ಟೇಷನ್ನಿನಲ್ಲಿ ಇಳಿಸಿ ಅಡ್ಡೆಗೆ ಬಂದ. ತವರೂರು ರಾಮಸಮುದ್ರದಲ್ಲಿ ಅತ್ತಿಗೆ ಹೆತ್ತಿದ್ದಳು, ಹೆಣ್ಣು ಕೂಸು. ನೋಡಿಕೊಂಡು ಬರಲು ಅವನಿಗೆ ಒಂದು ದಿನದ ರಜೆ ಸಿಕ್ಕಿತ್ತು. ನಮ್ಮ ಬಾಗಿಲಲ್ಲಿ ನಿಂತೇ ಮಜ್ಜಿಗೆ ಕುಡಿದ. ನನ್ನ ಗಂಡನಿಗೆ ಎರಡು ದಿನದಿಂದ ಚಳಿಜ್ವರ, ಒಳಗೆ ಎರಡು ಕಂಬಳಿ ಹೊದ್ದು ಮಲಗಿದ್ದರು.

“ಗಾಡಿ ಕಟ್ಟೇನಿ,” ಎಂದ ಅಣ್ಣ. “ಬ್ರೇಕು ಒತ್ತಿದ್ರ ನೆಲಾ ಮುಟ್ಟಾಕತ್ತದ. ಮಿಸ್ತ್ರಿ ಎದ್ದ ಮ್ಯಾಲ ಹೇಳು.”

ಹೇಳುತ್ತೇನೆ ಎಂದೆ. ಕೂಸಿಗೆಂದು ನನ್ನ ಹಳೆಯ ಮೆತ್ತನೆಯ ಸೀರೆಯ ತುಂಡು ಕೊಟ್ಟೆ. ಅದನ್ನು ಬಗಲಲ್ಲಿ ಇಟ್ಟುಕೊಂಡು ರಾಮಸಮುದ್ರದ ಕಡೆ ಹೋಗುವ ಚಕ್ಕಡಿ ಹುಡುಕಿಕೊಂಡು ಹೋದ. ಅವನು ಅಷ್ಟು ಸಂತೋಷದಿಂದ ನಡೆದದ್ದನ್ನು ನಾನು ಮತ್ತೆ ನೋಡಲಿಲ್ಲ.

ಮಧ್ಯಾಹ್ನ ಸಾಹುಕಾರ ಬಂದ. ಮೂರು ಗಾಡಿ ಹೊರಗೆ ಹೋಗಿದ್ದವು. ಚಾಚಾನ ಗಾಡಿಯ ಇಂಜಿನು ಬಿಚ್ಚಿ ಹರವಿತ್ತು. ನಿಂತದ್ದು ಅಣ್ಣನ ಗಾಡಿ ಒಂದೇ. ಬೇವಿನ ಮರದ ಕೆಳಗೆ ಮಲಗಿದ್ದ ಚಾಚಾನನ್ನು ಎಬ್ಬಿಸಿ, ಆ ಗಾಡಿ ತೆಗೆದುಕೊಂಡು ಹೋಗು ಎಂದ. ಚಾಚಾ ಹ್ಯಾಂಡಲಿನ ಕಡೆ ನೋಡಿ, ಕಟ್ಟು ಇದೆ ಎಂದು ಮತ್ತೆ ಮಲಗಿದ. ಸಾಹುಕಾರ ನೇರ ನನ್ನ ಅಡುಗೆ ಬಾಗಿಲಿಗೆ ಬಂದ.

ಮಿಸ್ತ್ರಿಗೆ ಏಳಲು ಆಗುವುದಿಲ್ಲ, ಬ್ರೇಕು ಕೆಟ್ಟಿದೆ ಎಂದು ನಾನು ಹೇಳಿದೆ. ಇಷ್ಟನ್ನು ಹೇಳಿದ್ದು ನಿಜ. ಆದರೆ ಇದರಿಂದ ನನ್ನ ತಪ್ಪು ಕಡಿಮೆ ಆಗುವುದಿಲ್ಲ, ತಿಳಿದೂ ಮಾಡಿದೆ ಎಂದಷ್ಟೇ ಆಗುತ್ತದೆ. ಒಂದು ದಿನದ ಮಾತು, ಮೆಲ್ಲಗೆ ಹೋಗಿ ಬರುತ್ತಾನೆ ಎಂದ ಸಾಹುಕಾರ. ನಾನು ಬಾಗಿಲು ಬಿಟ್ಟು ಕದಲಲಿಲ್ಲ. ಆಗ ಅವನು ಒಳಗೆ ಕತ್ತು ಹಾಕಿ ನನ್ನ ಗಂಡ ಮಲಗಿದ್ದನ್ನು ನೋಡಿದ.

“ಹಿಂಗ ಮಲಗೋ ಮಿಸ್ತ್ರಿ ಕಟಗೊಂಡು ನಾ ಏನ್ ಮಾಡ್ಲವ್ವ? ಈ ಖೋಲಿ ಬ್ಯಾರೆ ಮಿಸ್ತ್ರಿಗೆ ಬೇಕಾಗ್ತದ. ಮಿಸ್ತ್ರಿ ಕೈ ಏನು, ಮಿಸ್ತ್ರಿ ಹೇಣ್ತಿ ಕೈ ಏನು, ಎರಡೂ ಒಂದ. ಹೋಗಿ ಬಿಚ್ಚು.”

ಕೂಗಿ ಹೇಳಲಿಲ್ಲ. ಮನೆಯ ಹಿರಿಯನೊಬ್ಬ ಬುದ್ಧಿ ಹೇಳುವ ಹಾಗೆ ಹೇಳಿದ. ಅದನ್ನು ನೆನೆದರೆ ಈಗಲೂ ಸಿಟ್ಟಿಗೆ ಹಲ್ಲು ಕಚ್ಚುತ್ತೇನೆ. ಬೈದಿದ್ದರೆ ಬೈಗುಳಕ್ಕೆ ಹೆದರಿದೆ ಎಂದಾದರೂ ಹೇಳಿಕೊಳ್ಳಬಹುದಿತ್ತು.

ಹೋದೆ. ಅಣ್ಣ ಎರಡು ಗಂಟು ಹಾಕಿದ್ದ. ಅವಸರಕ್ಕೆ ಬಿಚ್ಚಿಕೊಳ್ಳಲಿಲ್ಲ, ಹಲ್ಲಿನಿಂದ ಎಳೆದೆ. ಚಾಚಾ ಎದ್ದು ಕೂತು ನೋಡುತ್ತಿದ್ದ. ಬಳಿಗೆ ಬಂದ.

“ಮಿಸ್ತ್ರಿ ನೋಡ್ಯಾನೇನ ಬೇಟಿ?”

“ನೀವ್ ಮಲಗಿದಾಗ ನೋಡ್ಯಾರ್ರಿ ಚಾಚಾ.”

ಇಷ್ಟೇ. ಅವನು ಇನ್ನೊಂದು ಮಾತು ಕೇಳಲಿಲ್ಲ. ಗಾಡಿ ಹತ್ತಿ ಬ್ರೇಕು ಒತ್ತಿ ನೋಡಿದ. ಎರಡು ಮೂರು ಸಲ ಒತ್ತಿದರೆ ಅದು ಹಿಡಿಯುತ್ತಿತ್ತು, ಖಾಲಿ ಗಾಡಿಗೆ ಅಷ್ಟು ಸಾಕಿತ್ತು. ನಾನು ಹೇಳಿದ ಮೇಲೆ ಅವನಿಗೆ ಅನುಮಾನ ಯಾಕೆ ಬರಬೇಕು? ಹ್ಯಾಂಡಲು ತಿರುವಿ ಚಾಲೂ ಮಾಡಿದ. ಸುರಪುರದಿಂದ ಏನು ತರಲಿ ಎಂದು ಕೇಳಿದ. ಏನೂ ಬೇಡ ಎಂದೆ. ಸ್ಟೇಷನ್ನಿನ ಗೋದಾಮಿನಲ್ಲಿ ಮಾಲು ತುಂಬಿಸಿಕೊಂಡು, ಇಬ್ಬರು ಹಮಾಲರನ್ನು ಮೇಲೆ ಕೂಡಿಸಿಕೊಂಡು ಹೋದ.

ಗಂಡ ಸಂಜೆಯ ತನಕ ಎಚ್ಚರಾಗಲಿಲ್ಲ. ಅವರಿಗೆ ನಾನು ಹೇಳಲಿಲ್ಲ.

ಶಹಾಪುರದವರೆಗೆ ಗಾಡಿ ಸುರಳೀತ ಹೋಗಿದೆ. ಸುರಪುರ ಇನ್ನೇನು ಬಂತು ಎನ್ನುವಾಗ ಗುಡ್ಡದ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಚಾಚಾ ಕೂಗಿ ಹಮಾಲರಿಗೆ ಜಿಗಿಯಿರಿ ಎಂದನಂತೆ. ಅವರು ಜಿಗಿದು ಉಳಿದರು. ಎದುರಿಗೆ ದನ ಹೊಡೆದುಕೊಂಡು ಬರುತ್ತಿದ್ದ ಮಂದಿ ಇದ್ದರು ಎಂದು ಚಾಚಾ ಗಾಡಿಯನ್ನು ಬಂಡೆಗೆ ತಿರುಗಿಸಿದ. ಹಿಂದಿನ ಬೆಂಚುಗಳೆಲ್ಲ ಮುಂದಕ್ಕೆ ನುಗ್ಗಿ ಅವನನ್ನು ಸ್ಟೇರಿಂಗಿಗೆ ಒತ್ತಿಬಿಟ್ಟವು.

ಮರುದಿನ ಸಮಾರಂಭ ನಿಲ್ಲಲಿಲ್ಲ. ಅಲ್ಲಿಯದೇ ಶಾಲೆಯ ಬೆಂಚು ತಂದರು. ಚಾಚಾನ ಹೆಣ ಸುರಪುರದ ದವಾಖಾನೆಯ ಪಡಸಾಲೆಯಲ್ಲಿ ಮಗನಿಗಾಗಿ ಕಾಯುತ್ತಿದ್ದಾಗ, ಸಾಹುಕಾರ ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡ. ಅಲ್ಲಿದ್ದು ಬಂದ ಹಮಾಲರು ಇದನ್ನು ಹೇಳಿದರು. ನಮ್ಮ ನಾಡು ಒಂದಾದ ದಿನವನ್ನು ಎಲ್ಲರೂ ಸಿಹಿ ಹಂಚಿ ನೆನೆಯುತ್ತಾರೆ. ನನಗೆ ಆ ದಿನ ಬಂದರೆ ಬಾಯಿ ಕಹಿಯಾಗುತ್ತದೆ. ತಪ್ಪು ನಾಡಿನದಲ್ಲ, ನನ್ನದು ಮತ್ತು ಆ ಬಿಳಿ ಟೊಪ್ಪಿಗೆಯದು.

ಸಾಹುಕಾರ ಎರಡು ಕಥೆ ಮಾಡಿದ. ಪೊಲೀಸರ ಮುಂದೆ, ಮುದುಕನಿಗೆ ಕಣ್ಣು ಕಾಣುತ್ತಿರಲಿಲ್ಲ ಎಂದ. ಡ್ರೈವರುಗಳು ಅದನ್ನು ನಂಬುವವರಲ್ಲ, ಬ್ರೇಕು ಹಿಡಿಯಲಿಲ್ಲ ಎಂದು ಹಮಾಲರು ಹೇಳಿಯಾಗಿತ್ತು. ಅದಕ್ಕೆ ಅವರ ಮುಂದೆ, ಗಾಡಿಗೆ ಕಟ್ಟು ಇರಲಿಲ್ಲ, ಅಣ್ಣ ಮಗಳನ್ನು ನೋಡುವ ಅವಸರದಲ್ಲಿ ಕಟ್ಟದೆ ಹೋಗಿದ್ದಾನೆ ಎಂದ.

ಅಣ್ಣ ರಾಮಸಮುದ್ರದಿಂದ ಬಂದ ದಿನ ಡ್ರೈವರುಗಳು ಬೇವಿನ ಮರದ ಕೆಳಗೆ ಸೇರಿದರು. ಬೇರೆ ಕಂಪನಿಯವರೂ ಬಂದಿದ್ದರು. ಚಾಚಾನ ನಂತರ ಹಿರಿಯನೆಂದರೆ ಕೆಂಭಾವಿಯ ಡ್ರೈವರ್. ಅವನೇ ಕೇಳಿದ. ಕಟ್ಟಿದ್ದೆ ಎಂದ ಅಣ್ಣ. ಹಾಗಾದರೆ ಬಿಚ್ಚಿದವರು ಯಾರು? ಅಣ್ಣ ನನ್ನ ಗಂಡನ ಕಡೆ ನೋಡಿದ. ಅವನಿಗೆ ಹಾಗೆ ಅನಿಸಿದ್ದು ಸಹಜ, ಕಟ್ಟು ಬಿಚ್ಚುವ ಹಕ್ಕು ಇದ್ದದ್ದು ಮಿಸ್ತ್ರಿಗೆ. ನನ್ನ ಗಂಡ ಕಂಬಳಿ ಹೊದ್ದು ಗೋಡೆಗೆ ಆತು ನಿಂತಿದ್ದರು. ತಾನು ಹೊರಗೇ ಬಂದಿರಲಿಲ್ಲ, ಕಟ್ಟು ನೋಡಲೇ ಇಲ್ಲ ಎಂದರು. ಅವರು ಹೇಳಿದ್ದು ನಿಜವೇ. ಸಾಹುಕಾರ ಕಟ್ಟೆಯ ಮೇಲೆ ಕಾಲು ಮಡಚಿ ಕೂತಿದ್ದ. ದಿನವಿಡೀ ಅಡ್ಡೆಯಲ್ಲಿ ಇರುವವಳು ಈಕೆ, ಈಕೆಯನ್ನೇ ಕೇಳಿ ಎಂದ.

ಕೆಂಭಾವಿಯ ಡ್ರೈವರ್ ನನ್ನ ಕಡೆ ತಿರುಗಿದ. “ಖರೇ ಹೇಳು ತಂಗಿ. ಗಾಡಿಗೆ ಕಟ್ಟು ಇತ್ತೇನು?”

ಇತ್ತು ಎಂದರೆ ಬಿಚ್ಚಿದವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ನಾನು ಎಂದರೆ ಖೋಲಿ ಹೋಗುತ್ತಿತ್ತು, ಜ್ವರದ ಗಂಡನ ಕೆಲಸ ಹೋಗುತ್ತಿತ್ತು. ಇದು ಆಗ ನಾನು ನನಗೆ ಕೊಟ್ಟುಕೊಂಡ ಕಾರಣ. ನಿಜವಾದ ಕಾರಣ ಬೇರೆ. ಚಾಚಾನನ್ನು ಕೊಂದವಳು ಎಂದು ಅಷ್ಟು ಮಂದಿ ನನ್ನನ್ನು ನೋಡುವುದು ನನಗೆ ಬೇಡವಾಗಿತ್ತು.

“ನಾ ನೋಡಿಲ್ರಿ,” ಎಂದೆ.

ಅಣ್ಣ ನನ್ನನ್ನು ನೋಡಿದ. ಗಾಡಿ ಕಟ್ಟಿದ್ದೇನೆ ಎಂದು ಅವನು ಹೇಳಿ ಹೋದದ್ದು ನನಗೇ. ಆ ಮಾತನ್ನು ಅವನು ಅಲ್ಲಿಯೇ ಎತ್ತಬಹುದಿತ್ತು. ತಂಗಿ ಗಂಡನನ್ನು ಉಳಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡ. ಅದು ಅವನ ಮುಖದ ಮೇಲೆ ಬಂದು ಹೋದದ್ದನ್ನು ನಾನು ಕಂಡೆ. “ಹಂಗಾರ ನಾನ ಮರ್ತಿರಬೇಕು,” ಎಂದ.

ಆ ಮಂದಿ ಬಿಡಲಿಲ್ಲ. ಯಾದಗಿರಿಯ ಯಾವ ಡ್ರೈವರನೂ ಇವನ ಜೊತೆ ಒಂದು ಬೆಂಚಿನ ಮೇಲೆ ಕೂಡಬಾರದು, ಇವನು ತಂದ ಗಾಡಿ ಮುಟ್ಟಬಾರದು ಎಂದಾಯಿತು. ನಾನು ಅವರನ್ನೂ ಬೈಯುತ್ತೇನೆ. ಸಾಹುಕಾರನನ್ನು ಒಂದು ಪ್ರಶ್ನೆ ಕೇಳಲು ಅವರಿಗೆ ನಾಲಿಗೆ ಇರಲಿಲ್ಲ. ಆ ಗಾಡಿಯನ್ನು ಕಳಿಸಿದವನು ಯಾರು ಎಂದು ಒಬ್ಬನೂ ಕೇಳಲಿಲ್ಲ. ತಮ್ಮಂಥ ಒಬ್ಬ ಸಿಕ್ಕ, ಅವನ ಮೇಲೆ ಕಾಯಿದೆ ನಡೆಸಿ ಎದೆ ಉಬ್ಬಿಸಿಕೊಂಡು ಹೋದರು.

ಅಣ್ಣ ಶಹಾಪುರದ ಕಂಪನಿಗೆ ಹೋದ. ಅವನು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು, ಸುದ್ದಿ ಒಯ್ಯುವವರೇ ಲಾರಿಯವರು. ಸುರಪುರದಲ್ಲಿ ಒಬ್ಬ ಮಾಲೀಕ ಇಟ್ಟುಕೊಂಡ. ಹದಿನೈದು ದಿನಕ್ಕೆ ಉಳಿದ ಡ್ರೈವರುಗಳು ಅವನ ಹಾಸಿಗೆಯನ್ನು ರಸ್ತೆಗೆ ಎಸೆದರು. ದಾರಿಯಲ್ಲಿ ಸಿಕ್ಕವರು ಒಂದು ಚಿಂದಿ ಮುಂದೆ ಹಿಡಿದು, “ತಗೊಳಪ್ಪ, ಕಟ್ಟಾಕ ಕಲಿ,” ಎನ್ನುತ್ತಿದ್ದರಂತೆ. ಕೂಸು ಹುಟ್ಟಿದ ಗಳಿಗೆ ಸರಿಯಿಲ್ಲ ಎಂದು ಬೀಗರು ಆ ಏನೂ ಅರಿಯದ ಕೂಸಿನ ಮೇಲೂ ಹೊರಿಸಿದರು. ಕೊನೆಗೆ ಅಣ್ಣ ಹೆಂಡತಿ ಮಗಳನ್ನು ಕರೆದುಕೊಂಡು ತಿಂಥಣಿಗೆ ಹೋಗಿ ಅಪ್ಪನ ಹರಿಗೋಲು ಹಿಡಿದ. ಹೊಳೆಯ ದಂಡೆಗೆ ಬಂದು ನಿಲ್ಲುವ ಲಾರಿಗಳ ಮಾಲನ್ನು ಆಚೆ ದಡಕ್ಕೆ ಮುಟ್ಟಿಸುವ ಕೆಲಸ. ಅದೇ ಡ್ರೈವರುಗಳು ದಂಡೆಯಲ್ಲಿ ಬೀಡಿ ಸೇದುತ್ತ ನಿಂತಿರುತ್ತಿದ್ದರು, ಇವನು ಅವರ ಮೂಟೆ ಹೊರುತ್ತಿದ್ದ.

ಇಷ್ಟಾದರೂ ಪ್ರತಿ ವರ್ಷ ಪಂಚಮಿಗೆ ನನ್ನನ್ನು ತವರಿಗೆ ಕರೆಯಲು ಬರುತ್ತಿದ್ದ. ಅಡ್ಡೆಯ ಒಳಗೆ ಕಾಲಿಡುತ್ತಿರಲಿಲ್ಲ. ಗೇಟಿನ ಹೊರಗೆ ಬಿಸಿಲಲ್ಲಿ ನಿಂತು ಯಾರ ಕೈಯಲ್ಲಾದರೂ ಹೇಳಿ ಕಳಿಸುತ್ತಿದ್ದ. ನಾನು ಗಂಟು ಹಿಡಿದುಕೊಂಡು ಹೋಗುತ್ತಿದ್ದೆ. ಬಸ್ಸಿನಲ್ಲಿ ಜಾಗ ಒಂದೇ ಸಿಕ್ಕರೆ ನನ್ನನ್ನು ಕೂಡಿಸಿ ತಾನು ನಿಲ್ಲುತ್ತಿದ್ದ. ಮಿಸ್ತ್ರಿ ಹೇಗಿದ್ದಾನೆ ಎಂದು ಕೇಳುತ್ತಿದ್ದ. ಅವನು ಒಂದು ಸಲ ಬೈದಿದ್ದರೆ ನಾನು ಎಲ್ಲವನ್ನೂ ಕಕ್ಕಿಬಿಡುತ್ತಿದ್ದೆ ಎಂದು ಆಗ ಅಂದುಕೊಳ್ಳುತ್ತಿದ್ದೆ. ಎಂಥ ನಾಚಿಕೆಗೇಡು! ನಾನು ಸತ್ಯ ಹೇಳುವುದಕ್ಕೂ ಅವನೇ ಮೊದಲು ಬಾಯಿ ತೆರೆಯಬೇಕಿತ್ತೇ?

ಮನೆಯಲ್ಲಿ ನನ್ನ ಗಂಡ ಅಣ್ಣನ ಮಾತು ಬಂದರೆ ಮುಖ ತಿರುಗಿಸುತ್ತಿದ್ದರು. ಅವರ ಪಾಲಿಗೆ ಚಾಚಾನನ್ನು ಕೊಂದವನು ಅಣ್ಣ. ಅಣ್ಣನ ಪಾಲಿಗೆ ಗಾಡಿ ನೋಡದೆ ಕಟ್ಟು ಬಿಚ್ಚಿದವರು ನನ್ನ ಗಂಡ. ಇಬ್ಬರೂ ತಪ್ಪಿಲ್ಲದವರು, ಮೂವತ್ತು ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರಿಗೂ ರೊಟ್ಟಿ ಬಡಿದು ಹಾಕುತ್ತ ನಡುವೆ ನಾನಿದ್ದೆ. ಗಂಡ ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ಅವರಿಗೂ ಹೇಳಲಿಲ್ಲ. ಮಣ್ಣಿಗೆ ಬಂದ ಅಣ್ಣ ಒಂದು ಹಿಡಿ ಮಣ್ಣು ಹಾಕಿ, ಬಸ್ಸು ಹತ್ತಿದ.

ಪುಸ್ತಕ ಒಲೆಗೆ ಹಾಕಿದ ಮರುದಿನ ನಾನು ತಿಂಥಣಿಗೆ ಹೋದೆ. ಅವನೊಬ್ಬನಿಗೇ ಹೇಳಿ ಕಾಲು ಹಿಡಿದು ಬರಬಹುದಿತ್ತು, ಅದು ಸುಲಭ. ಆದರೆ ಅವನ ಹೆಸರು ಹೋದದ್ದು ಮಂದಿಯ ಮುಂದೆ. ಯಾದಗಿರಿಯಲ್ಲಿ ಕೆಲಸವಿದೆ, ಜೊತೆಗೆ ಬಾ ಎಂದೆ. ಏನು ಕೆಲಸ ಎಂದು ಕೇಳದೆ ಅಂಗಿ ಹಾಕಿಕೊಂಡು ಹೊರಟ.

ಸ್ಟೇಷನ್ ರಸ್ತೆಯ ಚಹದಂಗಡಿಯಲ್ಲಿ ಹಳೆಯ ಡ್ರೈವರುಗಳು ಈಗಲೂ ಮಧ್ಯಾಹ್ನ ಕೂಡುತ್ತಾರೆ ಎಂದು ನನಗೆ ಗೊತ್ತಿತ್ತು. ಆ ದಿನ ನಾಲ್ಕು ಮಂದಿ ಇದ್ದರು. ಕೆಂಭಾವಿಯ ಡ್ರೈವರ್ ಕೋಲು ಹಿಡಿದು ಮೂಲೆಯಲ್ಲಿ ಕೂತಿದ್ದ, ಹಲ್ಲು ಒಂದೂ ಇರಲಿಲ್ಲ. ಅಣ್ಣ ಬಾಗಿಲಲ್ಲಿಯೇ ನಿಂತುಬಿಟ್ಟ. ಕೈ ಹಿಡಿದು ಒಳಗೆ ಎಳೆದು ಅವರ ಬೆಂಚಿನ ಮೇಲೆಯೇ ಕೂಡಿಸಿದೆ. ಒಬ್ಬ ಚಹದ ಗ್ಲಾಸು ತೆಗೆದುಕೊಂಡು ಎದ್ದು ನಿಂತ. ಅಷ್ಟು ವರ್ಷವಾದ ಮೇಲೂ ಎದ್ದು ನಿಂತ.

“ಏನಪ್ಪ ಅಂಬಿಗ, ದಾರಿ ತಪ್ಪಿ ಬಂದಿ?” ಎಂದ ಕೆಂಭಾವಿಯವನು.

ನಾನು ಕೂಡಲಿಲ್ಲ. ಎದ್ದವನಿಗೆ ಕೂತುಕೋ ಎಂದೆ. ನನ್ನ ದನಿ ಕೇಳಿ ಅಂಗಡಿಯವನೂ ಸ್ಟೋವಿಗೆ ಗಾಳಿ ಹೊಡೆಯುವುದನ್ನು ಬಿಟ್ಟು ತಿರುಗಿ ನೋಡಿದ. ಬೇವಿನ ಮರದ ಕೆಳಗೆ ನೀವು ನನ್ನನ್ನು ಕೇಳಿದ್ದಿರಿ, ನಾನು ಸುಳ್ಳು ಹೇಳಿದೆ, ಗಾಡಿಗೆ ಕಟ್ಟು ಇತ್ತು ಎಂದೆ. ಅಣ್ಣ ನನ್ನ ಸೆರಗು ಹಿಡಿದು ಎಳೆದ.

“ಬಿಡವ್ವ. ಮಿಸ್ತ್ರಿ ಸತ್ತು ಹೋಗ್ಯಾನ. ಸತ್ತವನ ಹೆಸರು ಯಾಕ ಎತ್ತತಿ?”

ಅಷ್ಟು ವರ್ಷ ಅವನು ಏನನ್ನು ನುಂಗಿಕೊಂಡಿದ್ದ ಎಂಬುದನ್ನು ಅವನ ಬಾಯಿಂದ ಕೇಳಿದ್ದು ಅದೇ ಮೊದಲು. ಬಿಚ್ಚಿದವರು ಅವರಲ್ಲ ಎಂದೆ. ಅವರು ಹೊದ್ದು ಮಲಗಿದ್ದರು, ಅವರಿಗೆ ಸಾಯುವ ತನಕ ಏನೂ ಗೊತ್ತಿರಲಿಲ್ಲ ಎಂದೆ. ಸಾಹುಕಾರ ಅಡುಗೆ ಬಾಗಿಲಿಗೆ ಬಂದದ್ದು, ಹೇಳಿದ್ದು, ಎಲ್ಲವನ್ನೂ ಆ ನಾಲ್ವರ ಮುಂದೆ ಹೇಳಿದೆ. ಅವನು ಹೇಳಿದ, ಆದರೆ ಕೈ ನನ್ನದು ಎಂದೆ. ಕೆಂಭಾವಿಯ ಮುದುಕ ಕೋಲಿನ ಮೇಲೆ ಗದ್ದ ಊರಿ ನೆಲ ನೋಡುತ್ತ ಕೂತ. ಎದ್ದು ನಿಂತಿದ್ದವನು ಗ್ಲಾಸು ಕೆಳಗಿಟ್ಟು, ಅಣ್ಣನ ಪಕ್ಕಕ್ಕೆ ಬಂದು ಕೂತ. ಅಣ್ಣ ಯಾರನ್ನೂ ನೋಡಲಿಲ್ಲ, ತನ್ನ ಎರಡೂ ಕೈ ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದ. ನಾನು ಅವನ ಮುಂದೆ ನೆಲದ ಮೇಲೆ ಕೂತೆ.

“ಅಣ್ಣ, ನೀ ಮರ್ತಿರಲಿಲ್ಲ. ನೀ ಕಟ್ಟಿದ್ದಿ. ಬಿಚ್ಚಿದಾಕಿ ನಾನು, ಚಾಚಾನ ಮುಂದ ಸುಳ್ಳು ಹೇಳಿದಾಕಿನೂ ನಾನ. ನನ್ನ ಸಲುವಾಗಿ ನೀ ಬಾಯಿ ಮುಚಗೊಂಡಿ ಅಂತ ಗೊತ್ತಿದ್ದೂ ನಾ ಸುಮ್ನ ಉಂಡೆ, ಸುಮ್ನ ಮಲಗಿದೆ. ತಪ್ಪಾತು ಅಣ್ಣ. ಇವರೆಲ್ಲರ ಮುಂದ ಹೇಳಾಕತ್ತೇನಿ, ನಂದು ತಪ್ಪಾತು.”